ಬೋರ್ಡ್ ಓದದೆ ಬಸ್ ಹತ್ತುತ್ತಿದ್ದ ಹುಡುಗಿ

ನನ್ನ ಗಂಟಲು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತು. ಕಲಬುರಗಿಯ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, "ಮೇಡಂ, ಏನ್ ಕೆಲಸ ಮಾಡ್ತೀರಿ? ಸಂತ್ಯಾಗ ಕೂಗಿ ಮಾರ್ತೀರೇನು?" ಎಂದು ಕೇಳಿದರು.

"ಹೈಸ್ಕೂಲಿನ್ಯಾಗ ಕನ್ನಡ ಕಲಸ್ತೀನ್ರಿ."

"ಎರಡೂ ಒಂದೇ ಬಿಡ್ರಿ" ಎಂದರು ಪುಣ್ಯಾತ್ಮರು.

ಇನ್ನು ಮುಂದೆ ದನಿ ಏರಿಸಬಾರದು ಎಂದು ಅಪ್ಪಣೆಯಾಯಿತು. ದನಿ ಏರಿಸದ ಶಿಕ್ಷಕಿಯನ್ನು ಇಟ್ಟುಕೊಂಡು ಯಾವ ಶಾಲೆಯವರು ಏನು ಮಾಡಬೇಕು? ಸ್ವಯಂನಿವೃತ್ತಿಗೆ ಬರೆದುಕೊಟ್ಟು ಮನೆಗೆ ಬಂದೆ. ವಯಸ್ಸು ಇನ್ನೂ ಐವತ್ತರ ಆಸುಪಾಸು, ತಲೆ ನೆಟ್ಟಗಿದೆ, ಬೆರಳು ಓಡುತ್ತವೆ. ಬಾಯಿಗೆ ಬೀಗ ಬಿದ್ದಿದ್ದರಿಂದ ಫೇಸ್‌ಬುಕ್ಕಿನಲ್ಲಿ ನಿಮ್ಮ ತಲೆ ತಿನ್ನುತ್ತಿದ್ದೇನೆ.

ಮೊನ್ನೆ ಸುರಪುರ ಕಡೆಯ ಒಬ್ಬ ಹೊಸ ಶಿಕ್ಷಕಿ ಮೆಸೇಜ್ ಹಾಕಿದ್ದಳು. "ಪ್ರತಿ ಮಗುವಿಗೂ ವೈಯಕ್ತಿಕ ಗಮನ ಕೊಡ್ರಿ ಅಂತ ಟ್ರೇನಿಂಗಿನ್ಯಾಗ ಹೇಳ್ಯಾರ್ರಿ ಅಕ್ಕಾ. ನನ್ನ ಕ್ಲಾಸಿನ್ಯಾಗ ಎಪ್ಪತ್ತು ಮಕ್ಕಳದಾವ. ಹಾಜರಿ ಕರಿಯೂದ್ರಾಗ ಅರ್ಧ ಪೀರಿಯಡ್ ಹೋಗ್ತದ. ಗಮನ ಎಲ್ಲಿಂದ ತರ್ಲಿ?" ನಕ್ಕುಬಿಟ್ಟೆ. ನನಗೂ ಇದನ್ನೇ ಹೇಳಿದ್ದರು. ಹೇಳಿದವರು ಯಾರೂ ಎಪ್ಪತ್ತು ಮಕ್ಕಳ ಮುಂದೆ ನಿಂತವರಲ್ಲ. ಆದರೂ ಅವರ ಮಾತು ಸುಳ್ಳಲ್ಲ ತಂಗಿ. ಅದನ್ನು ಹೇಳೋಕೆ ಈ ಪುರಾಣ.

ನಾನು ಕೆಲಸ ಮಾಡಿದ್ದು ಶಹಾಪುರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ. ಅನುದಾನಿತ ಅಂದರೆ ಗೊತ್ತಲ್ಲ, ಪಗಾರ ಸರ್ಕಾರದ್ದು, ಯಜಮಾನಿಕೆ ಸಂಸ್ಥೆಯವರದು. ಕಲಿಸುವುದು ಕೂಗುವುದರಲ್ಲಿದೆ ಎಂದು ಅಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ನಾನು ಒಂದು ಸಾಲು ಓದುವುದು, ಎಪ್ಪತ್ತು ಬಾಯಿ ಅದನ್ನೇ ತಿರುಗಿ ಹೇಳುವುದು. ಪದ್ಯವಾದರಂತೂ ತಗಡಿನ ಚಾವಣಿ ನಡುಗುತ್ತಿತ್ತು. ನಮ್ಮ ಹೆಡ್‌ಮಾಸ್ತರು ಶರಣಪ್ಪ ಸರ್ ಗೇಟಿನಾಚೆಯ ಚಹಾದಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು: "ಕೇಳ್ರಿ, ಇಲ್ಲಿ ತನಕಾ ಬರ್ತದ ನಮ್ಮ ಟೀಚರ ಕ್ಲಾಸು!"

ಗಣಿತದ ಖಾಜಾ ಸರ್ ಮಾತ್ರ ಕೈ ಮುಗಿಯುತ್ತಿದ್ದರು. ಅವರ ಕ್ಲಾಸು ನನ್ನ ಗೋಡೆಯಾಚೆ. "ಅರೇ ಮೇಡಂ, ನಾ ವರ್ಗಮೂಲ ತಗ್ಯಾಕತ್ತೀನಿ, ನನ್ನ ಹುಡುಗರು ನಿಮ್ಮ ಪದ್ಯ ಹಾಡಾಕತ್ತಾರ. ನಾಳಿ ಪರೀಕ್ಷಾದಾಗ ಪದ್ಯ ಬರದ್ರ ಮಾರ್ಕ್ಸ್ ನೀವು ಕೊಡ್ತೀರೇನು?"

ಒಮ್ಮೆ ಒಬ್ಬ ಅಧಿಕಾರಿ ತಪಾಸಣೆಗೆ ಬಂದು ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿ ಓದು ಎಂದರು. ಅವನು ಪುಸ್ತಕ ಹಿಡಿದು ಗಡಗಡ ಒಪ್ಪಿಸಿದ. ಬಾಯಲ್ಲಿ ನಾಲ್ಕನೇ ಪಾಠ, ಕೈಯಲ್ಲಿ ತೆರೆದಿದ್ದದ್ದು ಆರನೆಯದು! ಅಧಿಕಾರಿ ಕಿಟಕಿಯಾಚೆ ನೋಡುತ್ತಿದ್ದರು. 'ಅತ್ಯುತ್ತಮ' ಎಂದು ಬರೆದು ಹೋದರು. ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಬಂತೇ ಹೊರತು ಬುದ್ಧಿ ಬರಲಿಲ್ಲ.

ಆಮೇಲೆ ನಿಧಾನ ಕಲಿಕೆಯವರಿಗೆ ವಿಶೇಷ ತರಗತಿ ಮಾಡಿ ಎಂಬ ಆದೇಶ ಬಂತು. ಮಾಡಿದೆವು. ಸಂಜೆ ಬೆಲ್ಲಾದ ಮೇಲೆ ಹಿಂದುಳಿದವರ ಹೆಸರು ಕೂಗಿ ಮೂಲೆಯ ಕೋಣೆಯಲ್ಲಿ ಕೂರಿಸುವುದು. ಮೂರನೇ ದಿನಕ್ಕೇ ಉಳಿದ ಹುಡುಗರು ಬಾಗಿಲಲ್ಲಿ ನಿಂತು, "ಏಯ್, ಸ್ಪೆಷಲ್ ಚಾ ಬಂತು ನೋಡಲೇ!" ಎಂದು ಶುರುಮಾಡಿದರು. ವಾರದಲ್ಲಿ ಕೋಣೆ ಖಾಲಿ. ಒಬ್ಬನನ್ನು ಹಿಡಿದು ಯಾಕೆ ಬರಲಿಲ್ಲವೋ ಅಂದರೆ, "ದಡ್ಡ ಅಂತ ನನಗ ಗೊತ್ತದ್ರಿ. ನೀವು ಡಂಗುರ ಯಾಕ ಹೊಡಸ್ತೀರಿ?" ಅಂದ.

ಇಷ್ಟೆಲ್ಲ ಆದ ಮೇಲೆ ಸಿಕ್ಕವಳು ಮಾನಮ್ಮ.

ಗೋಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಸಾಲಿನಲ್ಲಿ ಯಾವಾಗಲೂ ಮೂರನೆಯವಳು. ಗಲಾಟೆ ಇಲ್ಲ, ತಂಟೆ ಇಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಅಚ್ಚು ಹೊಡೆದಂತೆ ನಕಲು ಮಾಡುವಳು. ಪದ್ಯ ಹೇಳಿಸಿದರೆ ಅವಳ ದನಿಯೂ ಎಲ್ಲರೊಳಗೊಂದು. ನಿಮ್ಮ ಕ್ಲಾಸಿನಲ್ಲೂ ಇಂಥವರು ಇರುತ್ತಾರೆ, ಹೆಸರೇ ನೆನಪಿರುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸುರಪುರದಲ್ಲಿರುವ ನನ್ನ ಒಡಹುಟ್ಟಿದ ತಂಗಿಯ ಮನೆಗೆ ಹೋಗಲು ಬಸ್‌ಸ್ಟ್ಯಾಂಡಿಗೆ ಬಂದೆ. ಮಾನಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಗೋಗಿ ಬಸ್ಸು ಬಂದು ಅವಳ ಮೂಗಿನ ಮುಂದೆಯೇ ನಿಂತಿತು. ಬೋರ್ಡಿನ ಮೇಲೆ ಇಷ್ಟು ದಪ್ಪ ಅಕ್ಷರ. ಹುಡುಗಿ ಅಲುಗಲಿಲ್ಲ.

"ಯಾಕ ಮಾನಮ್ಮ, ಹತ್ತಲ್ಲೇನು?"

"ಹತ್ತತೀನ್ರಿ ಟೀಚರ್ರಿ."

ಆದರೂ ಹತ್ತಲಿಲ್ಲ. ಅಷ್ಟರಲ್ಲಿ ಗಂಟು ಹೊತ್ತ ಮುದುಕಿಯೊಬ್ಬಳು ಬಂದು, "ಯಪ್ಪಾ, ಇದು ಗೋಗಿಗಿ ಹೋಗ್ತದೇನು?" ಎಂದು ಕಂಡಕ್ಟರನನ್ನು ಕೇಳಿದಳು. "ಹೋಗ್ತದ, ಹತ್ತು ಹತ್ತು" ಅಂದ. ಆಗ ಮಾನಮ್ಮ ಸರಕ್ಕನೆ ಚೀಲ ಹೆಗಲಿಗೇರಿಸಿ ಮುದುಕಿಯ ಬೆನ್ನಿಗೇ ಹೊರಟಳು.

"ಬೋರ್ಡ್ ಅದಲ್ಲ ಎದುರಿಗೇ, ನೋಡಿ ಹತ್ತಬಾರದಾ?" ಎಂದೆ ನಾನು, ದೊಡ್ಡ ಜಾಣೆ.

ಮಾನಮ್ಮನ ಮುಖದಿಂದ ಬಣ್ಣ ಇಳಿದುಹೋಯಿತು. "ಕೇಳಿದ್ರ ಖಾತ್ರಿ ಆಗ್ತದ್ರಿ" ಎಂದು ನೆಲ ನೋಡುತ್ತ ಹೇಳಿ ಒಳಗೆ ಹೋದಳು.

ಸುರಪುರ ಮುಟ್ಟುವವರೆಗೂ ಆ ಮುಖ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಸೋಮವಾರ ಹೋಗಿ ಪದ್ಯ ಶುರುಮಾಡಿಸಿದೆ. ಆವತ್ತು ನಾನು ಹಾಡಲಿಲ್ಲ. ಬೆಂಚುಗಳ ನಡುವೆ ನಡೆಯುತ್ತ ಕಿವಿ ಕೊಟ್ಟೆ. ಮಾನಮ್ಮನ ಹತ್ತಿರ ನಿಂತಾಗ ಗೊತ್ತಾಯಿತು: ಎಲ್ಲರ ದನಿ ಬಿದ್ದ ಮೇಲೆ ಕೂದಲೆಳೆಯಷ್ಟು ಹಿಂದೆ ಇವಳ ದನಿ ಬೀಳುತ್ತಿತ್ತು. ಕಣ್ಣು ಪುಸ್ತಕದ ಮೇಲೆ, ಕಿವಿ ಪಕ್ಕದವಳ ಬಾಯಿಯ ಮೇಲೆ. ಮುದುಕಿಯ ಬೆನ್ನಿಗೆ ಬಸ್ಸು ಹತ್ತಿದ ಹಾಗೆ ಎಪ್ಪತ್ತು ಜನರ ಬೆನ್ನಿಗೆ ಪದ್ಯ ಹತ್ತುತ್ತಿದ್ದಳು.

ಒಬ್ಬಳನ್ನೇ ಕೂರಿಸಿ ಕೇಳಿದಾಗ ಕಥೆ ತಿಳಿಯಿತು. ಸಣ್ಣವಳಿದ್ದಾಗ ತಂದೆತಾಯಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದಾಗೆಲ್ಲ ಇವಳನ್ನೂ ಕರೆದುಕೊಂಡು ಹೋಗಿದ್ದರು. ಅಕ್ಷರ ಕಲಿಯುವ ವರ್ಷಗಳು ಇಟ್ಟಿಗೆ ರಾಶಿಯ ಹತ್ತಿರ ತಮ್ಮನನ್ನು ಆಡಿಸುವುದರಲ್ಲಿ ಕಳೆದಿದ್ದವು. ತಿರುಗಿ ಬಂದಾಗ ವಯಸ್ಸಿಗೆ ತಕ್ಕ ಕ್ಲಾಸಿಗೆ ಕೂರಿಸಿದರು. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಗೀಚಿದ್ದು ಬಿಟ್ಟರೆ, ಅಲ್ಲಿಂದ ಇಲ್ಲಿಯವರೆಗೆ ಕಿವಿಯಿಂದಲೇ ಬಂದಿದ್ದಳು. ಅದೂ ಸಣ್ಣ ಸಾಮರ್ಥ್ಯವಲ್ಲ, ನೆನಪಿಡಿ. ಒಂಬತ್ತನೇ ತರಗತಿಯ ಪಾಠಗಳನ್ನು ಒಮ್ಮೆ ಕೇಳಿ ಬಾಯಿಪಾಠ ಮಾಡುವವಳನ್ನು ದಡ್ಡಿ ಅನ್ನಲು ನನಗೆ ಹುಚ್ಚೇ?

ಏಪ್ರಿಲ್ ಬಂತು. ಸಂಸ್ಥೆಯ ಕಾರ್ಯದರ್ಶಿಗಳು ಮೀಟಿಂಗ್ ಕರೆದರು. ಎಲ್ಲರೂ ಅವರನ್ನು ಧಣಿ ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಗೇಟಿನ ಮೇಲೆ 'ಹತ್ತನೇ ತರಗತಿ, ನೂರಕ್ಕೆ ನೂರು ಫಲಿತಾಂಶ' ಎಂದು ಬರೆಸುವ ಹುಚ್ಚು ಹಿಡಿದಿತ್ತು. ಅದಕ್ಕೊಂದು ಅಡ್ಡದಾರಿ ಎಲ್ಲರಿಗೂ ಗೊತ್ತು. ಪಾಸಾಗುವುದಿಲ್ಲ ಅನ್ನಿಸಿದವರಿಗೆ ಒಂಬತ್ತು ಮುಗಿದ ಕೂಡಲೇ ಟಿ.ಸಿ. ಕೊಟ್ಟು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಂದು ಕಳಿಸುವುದು. ಹಾಗೆ ಹೋದ ಹೆಣ್ಣುಮಕ್ಕಳು ಪರೀಕ್ಷೆ ಕಟ್ಟಿದ್ದನ್ನು ನಾನು ಕಂಡಿಲ್ಲ, ಮದುವೆಯ ಕಾರ್ಡು ಕಂಡಿದ್ದೇನೆ.

ಶರಣಪ್ಪ ಸರ್ ಆ ವರ್ಷ ಕಳಿಸಬೇಕಾದವರ ಹೆಸರು ಓದಿದರು. ಮಾನಮ್ಮನದೂ ಬಂತು.

"ಅಕಿನ್ನ ಕಳಸೂದು ಬ್ಯಾಡ್ರಿ" ಎಂದೆ.

ಧಣಿ ನಕ್ಕರು. "ಟೀಚರ್ರಿ, ಓದಾಕ ಬರ್ತದೇನು ಅಕಿಗಿ?"

"ಬರಲ್ರಿ."

"ಮತ್ತ?"

"ನಮ್ಮ ಶಾಲ್ಯಾಗ ಎರಡು ವರ್ಷ ಇದ್ದಾಳ. ಬರಲ್ಲಂದ್ರ ನಮಗ ಬರಲ್ಲಂದಂಗ. ಟಿ.ಸಿ. ಕೊಡೂದಿದ್ರ ನನಗೂ ಒಂದು ಬರೀರಿ."

ಖಾಜಾ ಸರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಶರಣಪ್ಪ ಸರ್ ಚಾವಣಿ ನೋಡಿದರು. ಧಣಿಗೆ ಎದುರು ಮಾತಾಡುವುದು ನಮ್ಮಲ್ಲಿ ಪದ್ಧತಿ ಇರಲಿಲ್ಲ.

"ಆಯ್ತು," ಎಂದರು ಧಣಿ. "ದಸರಾ ಆದ ಮ್ಯಾಲ ಪರೀಕ್ಷಾಕ ಹೆಸರು ಕಳಸಬೇಕು. ಹೆಸರು ಕಳಸೂ ಮುಂಚೆ ನಾ ಬರ್ತೀನಿ. ಆವತ್ತಿನ ಪೇಪರ್ ಕೈಯಾಗ ಕೊಡ್ತೀನಿ. ಓದಿದಳೋ, ಹೆಸರು ಹೋಗ್ತದ. ಓದಲಿಲ್ಲೋ, ಟಿ.ಸಿ. ನೀವೇ ಬರದು ಕೊಡಬೇಕು."

ಹೊರಗೆ ಬಂದ ಮೇಲೆ ಖಾಜಾ ಸರ್, "ಮೇಡಂ, ಪೂರಾ ಪಾಗಲ್ ಇದ್ದೀರಿ" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ನನಗ ಬುಧವಾರ, ಶುಕ್ರವಾರ ಖಾಲಿ ಪೀರಿಯಡ್ ಅದ. ಆವಾಗ ನಿಮ್ಮ ಕ್ಲಾಸ್ ನಾ ನೋಡ್ಕೋತೀನಿ. ಗದ್ದಲ ಮಾತ್ರ ಕಲಸಲ್ಲ ನೋಡ್ರಿ."

ಈಗ ತಂಗಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಗಮನ ಎಲ್ಲಿಂದ ತರುವುದು?

ಜೂನಿನಿಂದ ಕೂಗುವುದನ್ನು ನಿಲ್ಲಿಸಿದೆ. ಕ್ಲಾಸಿಗೆ ಬರೆಯಲು ಕೆಲಸ ಕೊಟ್ಟು, ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದೆ. ಸ್ಪೆಷಲ್ ಚಹಾದ ಪಾಠ ಮರೆತಿರಲಿಲ್ಲ, ಅದಕ್ಕೆ ಮೊದಲು ಕರೆದದ್ದು ಕ್ಲಾಸಿನ ಅತಿ ಜಾಣೆಯನ್ನು. ಆಮೇಲೆ ತಂಟೆಕೋರನನ್ನು, ಆಮೇಲೆ ಮಾನಮ್ಮನನ್ನು, ಆಮೇಲೆ ಮತ್ತೊಬ್ಬ ಜಾಣನನ್ನು. ಎಲ್ಲರಿಗೂ ಸರದಿ ಇದೆ ಅಂದ ಮೇಲೆ ಯಾರು ಯಾರನ್ನು ನೋಡಿ ನಗಬೇಕು? ಮಾನಮ್ಮನ ಸರದಿ ಸ್ವಲ್ಪ ಬೇಗ ಬೇಗ ಬರುತ್ತಿತ್ತು ಅನ್ನುವುದನ್ನು ಯಾರೂ ಲೆಕ್ಕ ಇಡಲಿಲ್ಲ. ಖಾಜಾ ಸರ್ ಬಂದ ದಿನ ಅವಳನ್ನು ಗ್ರಂಥಾಲಯದ ಕೋಣೆಗೆ ಕರೆದೊಯ್ಯುತ್ತಿದ್ದೆ.

ಒಬ್ಬರ ಹತ್ತಿರ ಮಾತಾಡಲು ಸಣ್ಣ ದನಿ ಸಾಕು. ಇದು ಮೊದಲೇ ಗೊತ್ತಾಗಿದ್ದರೆ ಗಂಟಲಾದರೂ ಉಳಿಯುತ್ತಿತ್ತು.

ಪಠ್ಯಪುಸ್ತಕದಿಂದ ಅವಳಿಗೆ ಓದು ಕಲಿಸಲು ಸಾಧ್ಯವೇ ಇರಲಿಲ್ಲ. ಮೊದಲ ಪದ ಹೇಳಿಕೊಟ್ಟರೆ ಉಳಿದದ್ದೆಲ್ಲ ಬಾಯಿಪಾಠ ಬಂದುಬಿಡುತ್ತಿತ್ತು. ಹಾಗಾಗಿ ಅವಳು ಎಂದೂ ಕೇಳಿರದ್ದನ್ನು ತರಬೇಕಾಯಿತು. ಮದುವೆ ಕಾರ್ಡು, ಸಾಬೂನಿನ ಸುತ್ತುಕಾಗದ, ಬೀಜದ ಚೀಲ, ಓಟಿಗೆ ನಿಂತವರ ಕರಪತ್ರ, ಸಿಕ್ಕಿದ್ದೆಲ್ಲ. ಮೊದಲ ಅಕ್ಷರ ನೋಡಿ ಊಹೆಯ ಗುಂಡು ಹಾರಿಸುವಳು. 'ಶ' ಕಂಡರೆ ಸಾಕು, "ಶಹಾಪುರ!"

"ಶರಣಬಸವ ಅಂತ ಅದ. ಮದುವೀ ಗಂಡು."

"ಇರ್ಲಿ ಬಿಡ್ರಿ, ಶಹಾಪುರದಾಂವನ ಇರಬೇಕು."

ನಗು ತಡೆದುಕೊಂಡು ಫೂಟುಪಟ್ಟಿಯಿಂದ ಮುಂದಿನ ಅಕ್ಷರಗಳನ್ನೆಲ್ಲ ಮುಚ್ಚಿ, ಒಂದೊಂದೇ ಬಿಡುತ್ತ ಹೋದೆ. ಒತ್ತಕ್ಷರ ಬಂದಾಗ ಸಿಟ್ಟು ಬರುತ್ತಿತ್ತು ಅವಳಿಗೆ. "ನೆಟ್ಟಗ ನಿಂತದ್ದರ ಕಾಲಿಗಿ ಇನ್ನೊಂದು ಯಾಕ ಕಟ್ಯಾರ್ರಿ ಇವರು?" ಒಂದು ದಿನ ಕಾರ್ಡು ತಳ್ಳಿ ಎದ್ದೇಬಿಟ್ಟಳು. "ನನ್ನ ತಲ್ಯಾಗ ಹೋಗಲ್ರಿ ಇದು. ಬಿಟ್ಟುಬಿಡ್ರಿ."

"ಬಿಡಲ್ಲ" ಎಂದೆ. "ಹೋಗೋದಿದ್ರ ಆ ಬಾಗಿಲ ಮ್ಯಾಲ ಏನ್ ಬರದಾರ ಅಂತ ಓದಿ ಹೋಗು."

ಬಾಗಿಲ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. ಬೆನ್ನು ನನ್ನ ಕಡೆ. ಕೊನೆಗೆ, "ಪಾದ... ರಕ್ಷೆ... ಹೊರಗೆ... ಬಿಡಿ" ಎಂದಳು. ತನ್ನ ಕಾಲು ನೋಡಿಕೊಂಡಳು. ಚಪ್ಪಲಿ ಕಾಲಲ್ಲೇ ಇತ್ತು. "ಇಷ್ಟು ದಿನ ಹಾಕ್ಕೊಂಡ ಬರಾಕತ್ತಿದ್ದೆನಲ್ರಿ! ಹೇಳಬಾರದೇನ್ರಿ?" ಚಪ್ಪಲಿ ಹೊರಗಿಟ್ಟು ಬಂದು ಕೂತಳು. ಕಾರ್ಡು ತಾನೇ ಎಳೆದುಕೊಂಡಳು.

ಆಗಸ್ಟಿನಲ್ಲಿ ತಾಯಿ ಹಣಮವ್ವ ಬಂದಳು. ಹತ್ತಿ ಹೊಲದಲ್ಲಿ ಕಳೆ ತೆಗೆಯಲು ಆಳು ಸಾಲದು, ಮಗಳನ್ನು ಒಂದು ತಿಂಗಳು ಕಳಿಸಿಕೊಡಿ ಅಂತ. ಒಂದು ತಿಂಗಳು ಹೋದರೆ ಎಲ್ಲ ಮುಗಿದಂತೆ. ಇದ್ದದ್ದನ್ನು ಇದ್ದಂತೆ ಹೇಳಿದೆ, "ನಿನ್ನ ಮಗಳಿಗಿ ಓದಾಕ ಬರಲ್ಲವ್ವ. ಈಗೀಗ ಕಲ್ಯಾಕತ್ತಾಳ."

ಹಣಮವ್ವ ಸೆರಗಿನಿಂದ ಬೆವರು ಒರೆಸಿಕೊಂಡು ನನ್ನನ್ನೇ ನೋಡಿದಳು. "ಅಲ್ರಿ, ಓದಾಕ ಬರಲಾರದನ ಒಂಬತ್ತ ಮುಗಿಸ್ಯಾಳಂದ್ರ ಹತ್ತೂ ಮುಗಸ್ತಾಳ ಬಿಡ್ರಿ. ನೀವ್ಯಾಕ ಅಷ್ಟು ತಲಿ ಕೆಡಿಸ್ಕೋತೀರಿ?"

ಹೇಳಿ, ಇದಕ್ಕೆ ಯಾವ ಟ್ರೇನಿಂಗಿನಲ್ಲಿ ಉತ್ತರ ಕಲಿಸುತ್ತಾರೆ? ನಾನು ಬಾಯಿ ತೆರೆಯುವಷ್ಟರಲ್ಲಿ ಮಾನಮ್ಮನೇ ಮುಂದೆ ಬಂದಳು. ತಾಯಿ ಅಂಗಡಿಯಿಂದ ಆಗಷ್ಟೇ ತಂದಿದ್ದ ಕೀಟನಾಶಕದ ಡಬ್ಬಿಯನ್ನು ಅವಳ ಕೈಚೀಲದಿಂದ ತೆಗೆದು, ಬೆರಳಿಟ್ಟು, ತಡೆದು ತಡೆದು ಓದಿದಳು: "ಮಕ್ಕಳ... ಕೈಗೆ... ಸಿಗದಂತೆ... ಇಡಿ." ತಲೆಯೆತ್ತಿ, "ಯವ್ವಾ, ಇದನ್ನ ರೊಟ್ಟಿ ಬುಟ್ಟಿ ಬಾಜೂಕ ಇಡ್ತೀಯಲ್ಲ ನೀ!" ಎಂದಳು.

ಹಣಮವ್ವ ಡಬ್ಬಿ ಕಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ಖರೇ ಹಂಗ ಬರದಾರೇನ್ರಿ?" ನಾನು ತಲೆಯಾಡಿಸಿದೆ. "ಶನಿವಾರ ಮಧ್ಯಾಹ್ನ, ಐತವಾರ ಇಡೀ ದಿನ ನನ್ನ ಕೂಡ ಹೊಲಕ್ಕ ಬರ್ಲಿ" ಎಂದು ನನಗೆ ಹೇಳಿ ಹೊರಟಳು. ಉಳಿದ ದಿನ ನಮ್ಮದಾಯಿತು.

ದಸರಾ ರಜೆ ಮುಗಿದ ಮೇಲೆ ಧಣಿ ಹೇಳಿದಂತೆ ಬಂದರು. ಶರಣಪ್ಪ ಸರ್ ಅವರ ಕೋಣೆಯಲ್ಲಿ ಕೂತು ಪೇಪರ್ ಮಡಚಿ, ನೋಡದೆಯೇ ಒಂದು ಸುದ್ದಿಯ ಮೇಲೆ ಬೆರಳಿಟ್ಟು ಕೊಟ್ಟರು. ಕಾಲುವೆಗೆ ನೀರು ಬಿಡುವ ಸುದ್ದಿ. ನಾನು ಗೋಡೆಗೆ ಒತ್ತಿ ನಿಂತೆ. ಬಾಗಿಲಲ್ಲಿ ಖಾಜಾ ಸರ್, ಚಾಕ್‌ಪೀಸು ತೆಗೆದುಕೊಳ್ಳುವ ನೆಪ.

ಮಾನಮ್ಮ ಪೇಪರ್ ಹಿಡಿದಳು. ಹಿಂಬಾಲಿಸಲು ಅಲ್ಲಿ ಬೇರೆ ಯಾರ ದನಿಯೂ ಇರಲಿಲ್ಲ. "ಕಾಲುವೆಗೆ... ನೀರು... ಹರಿಸಲು... ತೀರ್ಮಾನ." ಒಂದೊಂದು ಪದದ ನಡುವೆ ಒಂದು ಎತ್ತಿನ ಬಂಡಿ ದಾಟಿ ಹೋಗಬಹುದು, ಅಷ್ಟು ಹೊತ್ತು. 'ಅಚ್ಚುಕಟ್ಟು' ಎಂಬಲ್ಲಿ ನಿಂತೇಬಿಟ್ಟಳು. ಹೇಳಿಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು. ಹೇಳಲಿಲ್ಲ. ಬೆರಳಿನಿಂದ ಮುಂದಿನದನ್ನು ಮುಚ್ಚಿಕೊಂಡಳು, ನಾನು ಫೂಟುಪಟ್ಟಿ ಇಡುತ್ತಿದ್ದಂತೆಯೇ. ಒಂದೊಂದೇ ಬಿಟ್ಟಳು. "ಅಚ್... ಚು... ಕಟ್... ಟು. ಅಚ್ಚುಕಟ್ಟು." ದಾಟಿದಳು.

ಧಣಿ ಕೈಗಡಿಯಾರ ನೋಡಿದರು. "ಸಾಕು ಬಿಡವ್ವ, ಗೊತ್ತಾಯ್ತು. ಇದು ಓದೂದಲ್ಲ, ಕಲ್ಲು ಒಡಿಯೂದು."

ಮಾನಮ್ಮ ಪೇಪರ್ ಕೆಳಗಿಳಿಸಲಿಲ್ಲ. "ಇನ್ನಾ ಎರಡು ಸಾಲ ಅದಾವ್ರಿ" ಎಂದಳು.

ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಂದುವರಿಸಿದಳು. "ಕೊನೆ... ಭಾಗದ... ಜಮೀನುಗಳಿಗೆ... ಎರಡನೇ... ಸರದಿಯಲ್ಲಿ... ನೀರು..."

"ಏನಂತ?" ಧಣಿ ಕುರ್ಚಿಯಲ್ಲಿ ನೆಟ್ಟಗಾದರು. ಅವರ ಹೊಲ ಇದ್ದದ್ದು ಕಾಲುವೆಯ ಕೊನೆಯಲ್ಲೇ. "ಎರಡನೇ ಸರದಿ ಅಂತಾರೇನು? ಮೊದಲ ಕೊಡ್ತೀವಿ ಅಂದಿದ್ರಲ್ಲ ಹರಾಮಖೋರರು! ಇನ್ನೊಮ್ಮಿ ಓದವ್ವ, ಸಾವಕಾಶ ಓದು."

ಅವಳು ಸಾವಕಾಶವಾಗಿಯೇ ಓದಿದಳು. ಅವಳಿಗೆ ಬರುತ್ತಿದ್ದದ್ದೇ ಅದು. ಬಾಗಿಲಲ್ಲಿ ಖಾಜಾ ಸರ್ ಚಾಕ್‌ಪೀಸಿನ ಡಬ್ಬಿ ಬೀಳಿಸಿದರು. ಧಣಿ ಯಾರಿಗೋ ಫೋನ್ ಹಚ್ಚಿ ನೀರಿನ ಜಗಳ ಶುರುಮಾಡಿದರು. ಪರೀಕ್ಷೆ ಮಾಡಲು ಬಂದಿದ್ದೇನೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಶರಣಪ್ಪ ಸರ್ ಮೆಲ್ಲಗೆ ನನ್ನ ಕಡೆ ಬಾಗಿ, "ಹೆಸರು ಕಳಸಿಬಿಡ್ಲೇನ್ರಿ?" ಎಂದರು.

"ಕಳಸ್ರಿ" ಎಂದೆ.

ಮುಂದಿನದನ್ನು ಮುಚ್ಚಿಡುವುದಿಲ್ಲ. ಆ ವರ್ಷ ಗೇಟಿನ ಮೇಲೆ ನೂರಕ್ಕೆ ನೂರು ಬರಲಿಲ್ಲ. ಮಾನಮ್ಮ ಇಂಗ್ಲಿಷಿನಲ್ಲಿ ಫೇಲಾಗಿ ಉಳಿದಳು, ಪೂರಕ ಪರೀಕ್ಷೆಯಲ್ಲಿ ದಾಟಿದಳು. ಧಣಿ ಬಹಳ ದಿನ ನನ್ನ ನಮಸ್ಕಾರಕ್ಕೆ ಬರೀ ಹೂಂ ಅನ್ನುತ್ತಿದ್ದರು. ಮರುವರ್ಷ ಟಿ.ಸಿ. ಹೆಸರುಗಳು ಮತ್ತೆ ಬಂದವು, ನಾನು ಮತ್ತೆ ಜಗಳ ತೆಗೆದೆ. ಕೆಲವರನ್ನು ಉಳಿಸಿಕೊಂಡೆ, ಕೆಲವರನ್ನು ಆಗಲಿಲ್ಲ. ಎಪ್ಪತ್ತು ಜನರಿಗೂ ನಿನ್ನಿಂದಾಗುವುದಿಲ್ಲ ತಂಗಿ. ಅದನ್ನೇ ನೆಪ ಮಾಡಿಕೊಂಡು ಒಬ್ಬರಿಗೂ ಮಾಡದೆ ಇರಬೇಡ. ನಾಳೆ ಬೆಳಿಗ್ಗೆ ಒಬ್ಬರನ್ನು ಮೇಜಿನ ಹತ್ತಿರ ಕರೆ. ಬಾಯಿ ಮುಚ್ಚಿಕೊಂಡು ಆ ಒಂದು ದನಿ ಕೇಳು.

ನನ್ನ ಮಟ್ಟಿಗೆ ಅವಳ ಫಲಿತಾಂಶ ಬಂದದ್ದು ಪರೀಕ್ಷೆಯ ಕೊನೆಯ ದಿನವೇ. ಅಂದು ಬಸ್‌ಸ್ಟ್ಯಾಂಡಿನಲ್ಲಿ ನಾನು ಈ ಕಡೆಯ ಕಲ್ಲಿನ ಮೇಲೆ ಕೂತಿದ್ದೆ, ಅವಳು ನೋಡಿರಲಿಲ್ಲ. ಬಸ್ಸು ಬಂತು. ಮಾನಮ್ಮ ಬೋರ್ಡಿನ ಕಡೆ ಕಣ್ಣು ಹಾಯಿಸಿದಳು. ತುಟಿ ಅಲುಗಿತು. ಯಾರನ್ನೂ ಕಾಯದೆ ಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟಳು.

ಹಿಂದಿನಿಂದ ಒಬ್ಬ ಮುದುಕ, "ಯವ್ವಾ, ಇದು ಗೋಗಿಗಿ ಹೋಗ್ತದೇನು?" ಎಂದ.

"ಬೋರ್ಡ್ ಅದಲ್ಲ ಮುತ್ಯಾ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮುದುಕನ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮೆಟ್ಟಿಲಿಳಿದು ಅವನ ಗಂಟಿಗೆ ಕೈ ಹಾಕಿದಳು.

"ಗೋಗಿಗೇ ಹೋಗ್ತದ ಮುತ್ಯಾ," ಎಂದಳು, ಅವನೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ. "ನಾ ಓದೀನಿ. ಹತ್ತು."